ರೊಟ್ಟಿ ಹಿಟ್ಟಿನ ತ್ರಿಕೋನ

ಹೊಸಪೇಟೆಯ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಮಿಶ್ರಣಗಳ ಪಾಠ. ಎರಡು ಮೂರು ಪದಾರ್ಥ ಬೆರೆಸಿ ಒಂದು ವಸ್ತು ಮಾಡುವಾಗ ಯಾವುದು ಎಷ್ಟಿರಬೇಕು, ಅದನ್ನು ಕಂಡುಕೊಳ್ಳಲು ಪ್ರಯೋಗವನ್ನು ಹೇಗೆ ಜೋಡಿಸಬೇಕು ಎಂಬ ಪಾಠ ಅದು. ಮಕ್ಕಳಿಗೆ ಮಾತ್ರ ರುಚಿಸುತ್ತಿರಲಿಲ್ಲ. ಬೋರ್ಡಿನ ಮೇಲೆ ತ್ರಿಕೋನ ಬರೆದು "ಇದು ಮೊದಲನೇ ರಾಸಾಯನಿಕ, ಇದು ಎರಡನೆಯದು" ಎಂದು ಶುರು ಮಾಡಿದೆನೋ ಇಲ್ಲವೋ, ಹಿಂದಿನ ಬೆಂಚಿನವರು ಕಿಟಕಿಯ ಆಚೆ ನಿಂತ ಬಸ್ಸುಗಳನ್ನು ನೋಡತೊಡಗುತ್ತಿದ್ದರು. ಪುಸ್ತಕದಲ್ಲಿದ್ದ ಉದಾಹರಣೆಯನ್ನೇ ವರ್ಷವರ್ಷವೂ ಹೇಳಿ ನನಗೂ ಸಾಕಾಗಿತ್ತು.

ಅಷ್ಟರಲ್ಲಿ ಒಂದು ದಿನ ಅಕ್ಕ ಫೋನು ಮಾಡಿದಳು.

ಅಕ್ಕನದು ಕಡ್ಡಿರಾಂಪುರದಲ್ಲಿ, ಹಂಪಿಗೆ ಹೋಗುವ ರಸ್ತೆಯ ಪಕ್ಕದಲ್ಲೇ, ಒಂದು ಸಣ್ಣ ಖಾನಾವಳಿ. ಮುಂದೆ ಬೇವಿನ ಮರ, ಹಿಂದೆ ಮನೆ, ನಡುವೆ ಸಗಣಿ ಸಾರಿಸಿದ ದೊಡ್ಡ ಅಂಗಳ. ಅವಳ ಗಂಡ, ನನ್ನ ಭಾವ, ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ದಿನಾ ಬೆಳಿಗ್ಗೆ ಅವರ ಡಬ್ಬಿಗೆ ಹೋಗುವ ಜೋಳದ ರೊಟ್ಟಿ ನೋಡಿ ಜೊತೆಯವರು ತಮಗೂ ಬೇಕೆಂದರಂತೆ. ಅಕ್ಕ ಖುಷಿಯಿಂದ ಒಪ್ಪಿಕೊಂಡಿದ್ದಳು. ತೊಂದರೆ ಶುರುವಾದದ್ದು ಅಲ್ಲಿಂದ.

"ಮುಂಜಾನಿ ಮಸ್ತ್ ಇರ್ತದ ನೋಡು ರೊಟ್ಟಿ, ಮೆತ್ತಗ ಅರಿವಿ ಇದ್ದಂಗ. ಮಧ್ಯಾಹ್ನ ಡಬ್ಬಿ ತೆರದ್ರ ಚೂರುಚೂರು" ಎಂದಳು. "ಅವ್ವ ಬರೇ ಜೋಳದ್ದ ಮಾಡು ಅಂತಾಳ. ನಮ್ಮತ್ತಿ ಅಕ್ಕಿ ಹಾಕು ಅಂತಾರ. ಇಬ್ಬರ ನಡುವ ನಾ ಹಿಟ್ಟಾಗೇನಿ. ನೀ ಅದೇನೋ ಮಿಶ್ರಣ ಕಲಸ್ತಿಯಲ್ಲ, ಬಾ, ಇಲ್ಲಿ ಬಂದು ಕಲಸು."

"ಕಲಸೋದಲ್ಲಕ್ಕ, ಕಲಿಸೋದು" ಎಂದೆ.

"ಎರಡೂ ಒಂದ. ಐತವಾರ ಬಾ."

ಭಾನುವಾರ ಹೋದಾಗ ಅವ್ವನೂ ಸಂಡೂರಿನಿಂದ ಬಂದಿದ್ದಳು. ಅವ್ವನಿಗೆ ಜೋಳ ಬಿಟ್ಟರೆ ಬೇರೆ ಧಾನ್ಯವೇ ಧಾನ್ಯವಲ್ಲ. ಅಕ್ಕನ ಅತ್ತೆ ಕಂಪ್ಲಿಯಲ್ಲಿ ಹುಟ್ಟಿ ಬೆಳೆದವರು, ತವರಿನದು ಅಕ್ಕಿ ಗಿರಣಿ. ನದಿಯ ನೀರಿನ ಗದ್ದೆ ಸೀಮೆಯವರಾದ ಅವರಿಗೆ ಅಕ್ಕಿ ಬೆರೆಸದ ಹಿಟ್ಟು ಬಡಪಾಯಿ ಹಿಟ್ಟು. ಅಕ್ಕನ ಮದುವೆಯಾದಾಗಿನಿಂದ ಈ ಬೀಗತಿಯರಿಬ್ಬರೂ ಒಂದೇ ಒಲೆಯ ಮುಂದೆ ಕೂತಿರಲಿಲ್ಲ. ಜಗಳವೇನೂ ಆಗಿರಲಿಲ್ಲ. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರು ಸೊಪ್ಪು ಸೋಸುವ ನೆಪದಲ್ಲಿ ಕಟ್ಟೆಗೆ ಬಂದು ಕೂರುತ್ತಿದ್ದರು, ಅಷ್ಟೇ.

ಅಕ್ಕ ತಾನು ಮಾಡಿದ್ದನ್ನೆಲ್ಲ ಹೇಳಿದಳು. ಒಂದು ದಿನ ಅಕ್ಕಿ ಹಿಟ್ಟು ಹೆಚ್ಚು ಹಾಕಿದ್ದಳು, ಇನ್ನೊಂದು ದಿನ ಉದ್ದಿನ ಹಿಟ್ಟು. ನಮ್ಮ ಕಡೆ ಜೋಳದ ಜೊತೆ ಒಂದಿಷ್ಟು ಉದ್ದು ಬೀಸಿಸುವ ಪದ್ಧತಿ ಉಂಟು, ಅಂಟು ಬರಲೆಂದು. ಒಂದೊಂದು ದಿನ ಚೆನ್ನಾಗಿ ಬರುತ್ತಿತ್ತು, ಒಂದೊಂದು ದಿನ ಕೆಡುತ್ತಿತ್ತು. ಯಾಕೆಂದು ಗೊತ್ತಾಗುತ್ತಿರಲಿಲ್ಲ.

"ಅಕ್ಕ, ಉದ್ದು ಹೆಚ್ಚು ಹಾಕಿದ ದಿನ ಮತ್ತೇನು ಕಮ್ಮಿ ಮಾಡಿದಿ?" ಎಂದು ಕೇಳಿದೆ.

"ಏನೂ ಇಲ್ಲ. ಉದ್ದಷ್ಟ ಹೆಚ್ಚು ಮಾಡಿದೆ."

"ಒಟ್ಟು ಹಿಟ್ಟು ಅಷ್ಟೇ ಇತ್ತಲ್ಲ? ಹಂಗಿದ್ರ ಜೋಳನೋ ಅಕ್ಕಿನೋ ಕಮ್ಮಿ ಆಗಿರಲೇಬೇಕು. ರೊಟ್ಟಿ ಮೆತ್ತಗಾದದ್ದು ಉದ್ದು ಹೆಚ್ಚಾಗಿದ್ದಕ್ಕೋ, ಜೋಳ ಕಮ್ಮಿ ಆಗಿದ್ದಕ್ಕೋ?"

ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. "ಹೌದಲ್ಲ" ಎಂದಳು. ಇಷ್ಟು ವರ್ಷ ತರಗತಿಯಲ್ಲಿ ನಾನು ಕಾಯುತ್ತಿದ್ದದ್ದು ಇಂಥ ಒಂದು "ಹೌದಲ್ಲ"ಕ್ಕೆ.

ರಂಗೋಲಿ ಡಬ್ಬಿ ತರಿಸಿ ಅಂಗಳದಲ್ಲಿ ಒಂದು ದೊಡ್ಡ ತ್ರಿಕೋನ ಎಳೆದೆ. ಮೇಲಿನ ಮೂಲೆ ಜೋಳ, ಎಡಗಡೆಯದು ಅಕ್ಕಿ, ಬಲಗಡೆಯದು ಉದ್ದು. ಮೇಲಿನ ಮೂಲೆಯಲ್ಲಿ ನಿಂತರೆ ಬರೀ ಜೋಳ. ಎಡಕ್ಕೆ ಇಳಿದಷ್ಟೂ ಅಕ್ಕಿ ಸೇರುತ್ತದೆ, ಬಲಕ್ಕೆ ಇಳಿದಷ್ಟೂ ಉದ್ದು. ಒಳಗೆ ಎಲ್ಲಿ ಕಾಲಿಟ್ಟರೂ ಒಂದು ಹಿಟ್ಟು. ಒಟ್ಟು ಇಪ್ಪತ್ತು ಚಮಚ ಅಂತ ಇಟ್ಟುಕೊಂಡೆ.

"ಈಗ ಮಿತಿ ಹೇಳ್ರಿ" ಎಂದೆ. "ಯಾವುದು ಎಷ್ಟಕ್ಕಿಂತ ಕಮ್ಮಿ ಆಗಬಾರದು, ಎಷ್ಟಕ್ಕಿಂತ ಹೆಚ್ಚಾಗಬಾರದು?"

ಅವ್ವ ಕಟ್ಟೆಯಿಂದಲೇ ಕೂಗಿದಳು. "ಜೋಳ ಹನ್ನೆರಡಕ್ಕಿಂತ ಕಮ್ಮಿ ಆದ್ರ ಅದನ್ನ ಜೋಳದ ರೊಟ್ಟಿ ಅನ್ನಬ್ಯಾಡ್ರಿ."

"ಅಕ್ಕಿ ಎರಡರ ಬೇಕು" ಎಂದು ಅತ್ತೆ ಒಳಗಿನಿಂದ ಹೇಳಿದರು. "ಎಂಟರ ತನಕ ಹಾಕಬಹುದು."

ಉದ್ದಿನ ಮಾತು ಅಕ್ಕನದು. "ಒಂದು ಚಮಚ ಇಲ್ಲಂದ್ರ ಅಂಟು ಬರೂದಿಲ್ಲ. ಮೂರು ದಾಟಿತಂದ್ರ ಹಿಟ್ಟು ಕೈಗೆ ಹತ್ತತೈತಿ, ಬಿಡೂದ ಇಲ್ಲ."

ನಾನು ನಕ್ಕೆ. "ಅತ್ತಿ, ಎಂಟು ಚಮಚ ಅಕ್ಕಿ ಹಾಕಾಕ ಜಾಗಾನ ಇಲ್ಲರಿ. ಜೋಳ ಹನ್ನೆರಡು, ಉದ್ದು ಒಂದು. ಉಳಿಯೋದು ಏಳು."

ಅತ್ತೆ ಹೊರಗೆ ಬಂದು ಬೆರಳು ಮಡಚಿ ಎಣಿಸಿದರು. "ಇದೇನವಾ, ನಿಮ್ಮವ್ವ ಬಾಯಿ ತೆಗಿಯೂದ್ರಾಗ ನನ್ನ ಅಕ್ಕಿ ಒಂದು ಚಮಚ ಹೋತು!" ಎಂದರು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅಕ್ಕಿ ಹೆಚ್ಚಾದರೆ ರೊಟ್ಟಿ ಬಿರುಸಾಗುವುದು ಖಾನಾವಳಿಯಲ್ಲಿ ನೋಡಿದ್ದೇವೆಂದು ಅಕ್ಕ ಮೆಲ್ಲಗೆ ಹೇಳಿ, ಮಾತುಕತೆಯಾಗಿ, ಅಕ್ಕಿಯ ಮೇಲಿನ ಮಿತಿ ಆರಕ್ಕೆ ಬಂದು ನಿಂತಿತು. "ಹಂಗಂದ್ರ ಜೋಳಕ್ಕೂ ಮ್ಯಾಲಿನ ಮಿತಿ ತಾನ ಬಂತು. ಅಕ್ಕಿ ಎರಡು, ಉದ್ದು ಒಂದು ಹಾಕಲೇಬೇಕಲ್ಲ, ಜೋಳ ಹದಿನೇಳು ದಾಟಂಗಿಲ್ಲ" ಎಂದೆ. ಈ ಸಲ ಬೆರಳು ಮಡಚಿದವಳು ಅವ್ವ, ನಕ್ಕವರು ಅತ್ತೆ.

ಒಂದೊಂದು ಮಿತಿಗೂ ಒಂದೊಂದು ಗೆರೆ ಎಳೆಯುತ್ತಾ, ಗೆರೆಯ ಆಚೆಯದನ್ನು ಪೊರಕೆಯಿಂದ ಅಳಿಸುತ್ತಾ ಹೋದೆ. ಕೊನೆಗೆ ಅಷ್ಟು ದೊಡ್ಡ ತ್ರಿಕೋನದಲ್ಲಿ ಜೋಳದ ಮೂಲೆಯ ಹತ್ತಿರ ಐದು ಬದಿಯ ಒಂದು ಸೊಟ್ಟ ಚೂರು ಮಾತ್ರ ಉಳಿಯಿತು.

"ಅಂಗಳ ತುಂಬ ರಂಗೋಲಿ ಹಾಕಿ ಇಷ್ಟ ಉಳಿಸಿದ್ಯೇನ?" ಎಂದಳು ಅಕ್ಕ.

"ನಮಗ ಬೇಕಾದ ರೊಟ್ಟಿ ಎಲ್ಲೈತೋ ಅದು ಇಷ್ಟರಾಗ ಐತಿ. ಬಾಕಿ ಅಂಗಳ ಎಲ್ಲ ಹುಡುಕೋದು ತಪ್ಪಿತಲ್ಲ" ಎಂದೆ.

ಆ ಚೂರನ್ನೇ ಪಕ್ಕದಲ್ಲಿ ದೊಡ್ಡದಾಗಿ ಬರೆದೆ. ಎಲ್ಲ ಹಿಟ್ಟುಗಳನ್ನೂ ಮಾಡಿ ನೋಡುವ ಅಗತ್ಯವಿಲ್ಲ. ಐದು ಮೂಲೆಗೆ ಐದು, ನಟ್ಟನಡುವೆ ಒಂದು. ಈ ಆರು ಹಿಟ್ಟುಗಳು ಹೇಗೆ ನಡೆದುಕೊಳ್ಳುತ್ತವೆಂದು ತಿಳಿದರೆ ನಡುವಿನ ಜಾಗದ ಬಗ್ಗೆ ಲೆಕ್ಕದಿಂದ ಊಹಿಸಬಹುದು. ಮೂಲೆ ಮೂಲೆಗೂ ಒಂದೊಂದು ಸ್ಟೀಲ್ ತಟ್ಟೆ ಇಟ್ಟು ಹಿಟ್ಟು ಅಳೆದೆವು. ಅಷ್ಟರಲ್ಲಿ ಹತ್ತಿರದ ಹೋಂಸ್ಟೇಯೊಂದರಲ್ಲಿ ಇಳಿದಿದ್ದ ಇಬ್ಬರು ಪ್ರವಾಸಿಗರು ಊಟಕ್ಕೆ ಬಂದವರು ಅಂಗಳದ ಚಿತ್ರ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಹಿಟ್ಟು ನೋಡಿ ಚಪ್ಪಲಿ ಬಿಚ್ಚಿ ಕೈ ಮುಗಿದರು. ಯಾವ ದೇವರ ಪೂಜೆಯೆಂದು ಕೇಳಿದರು. "ರೊಟ್ಟಿ ದೇವ್ರು" ಎಂದು ಅಕ್ಕ ಗಂಭೀರವಾಗಿ ಹೇಳಿ ಒಳಗೆ ಓಡಿದಳು. ಅವಳು ಒಳಗೆ ನಗುತ್ತಿದ್ದದ್ದು ನಮಗೆಲ್ಲ ಕೇಳಿಸುತ್ತಿತ್ತು.

ಮುಂದಿನ ಪ್ರಶ್ನೆ, ರೊಟ್ಟಿ ಬಡಿಯುವವರು ಯಾರು? ಅವ್ವನ ಕೈಯ ರೊಟ್ಟಿ ತೆಳ್ಳಗೆ, ಅತ್ತೆಯದು ತುಸು ದಪ್ಪ. ಒಬ್ಬರಿಗೆ ಮೂರು ಹಿಟ್ಟು, ಇನ್ನೊಬ್ಬರಿಗೆ ಮೂರು ಹಿಟ್ಟು ಕೊಟ್ಟರೆ ವ್ಯತ್ಯಾಸ ಹಿಟ್ಟಿನದೋ ಕೈಯದೋ ಹೇಳಲಾಗದು. ಆದ್ದರಿಂದ ಇಬ್ಬರೂ ಆರೂ ಹಿಟ್ಟಿನ ರೊಟ್ಟಿ ಮಾಡಬೇಕು ಎಂದೆ.

"ಒಂದ ಒಲಿ ಮುಂದ?" ಎಂದಳು ಅವ್ವ.

"ಒಂದ ಒಲಿ ಮುಂದ. ಬೆಂಕಿ ಬ್ಯಾರೆ ಆದ್ರ ಲೆಕ್ಕ ಕೆಡತೈತಿ."

ಲೆಕ್ಕದ ಹೆಸರಿನಲ್ಲಿ ಅವತ್ತು ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರಿಬ್ಬರನ್ನೂ ಪಕ್ಕಪಕ್ಕ ಕೂರಿಸುವ ಆಸೆ ನನ್ನದೂ ಆಗಿತ್ತು, ಅಕ್ಕನದೂ ಆಗಿತ್ತು.

ಯಾವ ಹಿಟ್ಟು ಮೊದಲು ಎಂಬುದಕ್ಕೆ ಚೀಟಿ ಎತ್ತಿಸಿದೆ. ಹಂಚು ಮೊದಲು ಹದವಾಗಿ ಕಾದಿರುವುದಿಲ್ಲ, ಕೊನೆಗೆ ಕೈ ಸೋಲುತ್ತದೆ. ಆ ಲಾಭ ನಷ್ಟ ಯಾವ ಒಂದು ಹಿಟ್ಟಿಗೂ ಅಂಟಿಕೊಳ್ಳಬಾರದಲ್ಲ. ನೀರಿನ ವಿಷಯಕ್ಕೆ ಮಾತ್ರ ಅಕ್ಕನಿಗೂ ನನಗೂ ಹತ್ತಿಕೊಂಡಿತು. ಎಲ್ಲದಕ್ಕೂ ಒಂದೇ ಅಳತೆಯ ಬಿಸಿನೀರು ಹಾಕಬೇಕೆಂದು ನಾನು, ಒಂದೊಂದು ಹಿಟ್ಟು ಒಂದೊಂದಷ್ಟು ನೀರು ಕುಡಿಯುತ್ತದೆಂದು ಅವಳು. ಇಬ್ಬರೂ ಹೇಳಿದ್ದರಲ್ಲಿ ಅರ್ಥವಿತ್ತು. ಕೊನೆಗೆ ಹಿಟ್ಟು ಹದಕ್ಕೆ ಬರುವಷ್ಟು ನೀರು ಹಾಕುವುದು, ಎಷ್ಟು ಹಿಡಿಯಿತೆಂದು ಬರೆದಿಡುವುದು ಎಂದು ರಾಜಿಯಾಯಿತು.

ಒಲೆ ಹತ್ತಿತು. ಮೊದಲ ಎರಡು ರೊಟ್ಟಿಯವರೆಗೆ ಹಿಟ್ಟು ಬಡಿಯುವ ಸದ್ದು ಮಾತ್ರ. ಆಮೇಲೆ ಅತ್ತೆಯ ಕಣ್ಣು ಅವ್ವನ ಕೈ ಮೇಲೆ ಬಿತ್ತು.

"ಬೀಗ್ರ, ನೀವು ಅಂಚು ಒಡಿಲಾರದಂಗ ಹೆಂಗ ತಿರುವ್ತೀರಿ?"

"ಏನಿಲ್ಲರಿ. ಈ ಕಿರುಬೆರಳು ನೋಡ್ರಿ, ಇದನ್ನ ಅಂಚಿಗೆ ಆನಿಸಿ ಇಡ್ತೀನಿ" ಎಂದಳು ಅವ್ವ. ಸ್ವಲ್ಪ ಹೊತ್ತು ಬಿಟ್ಟು ತಾನೇ ಕೇಳಿದಳು, "ನಿಮ್ಮವು ಎಲ್ಲಾ ಪುರಿ ಉಬ್ಬಿದಂಗ ಉಬ್ಬತಾವಲ್ಲ, ಅದು ಹೆಂಗ?"

"ಹಂಚಿನ ಮ್ಯಾಲ ಹಾಕಿದ ಮ್ಯಾಲ ನೀರು ಜಲ್ದಿ ಸವರಬ್ಯಾಡ್ರಿ. ಒಂದು ಉಸಿರು ತಡೀರಿ."

ಮೂರನೆಯ ಹಿಟ್ಟಿನ ಹೊತ್ತಿಗೆ ಅವರ ಮಾತು ರೊಟ್ಟಿ ಬಿಟ್ಟು ತವರುಮನೆಗೆ ಹೋಗಿತ್ತು. ಐದನೆಯದರ ಹೊತ್ತಿಗೆ ನನ್ನನ್ನೂ ಅಕ್ಕನನ್ನೂ ಬೈಯುವುದರಲ್ಲಿ ಇಬ್ಬರೂ ಒಂದಾಗಿದ್ದರು. ನಾವಿಬ್ಬರೂ ಬಾಗಿಲ ಹೊರಗೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಕ್ಕ ನನ್ನ ಕೈ ಹಿಸುಕಿದಳು.

ಇಷ್ಟೆಲ್ಲ ಆಗಿದ್ದು ಕೈ ಪಳಗಲೆಂದು. ನಿಜವಾದ ಪರೀಕ್ಷೆಯ ರೊಟ್ಟಿಗಳನ್ನು ಮರುದಿನ ಬೆಳಿಗ್ಗೆ ಅದೇ ರೀತಿ ಮಾಡಿ, ಹಿಟ್ಟಿಗೊಂದರಂತೆ ಆರು ಬಟ್ಟೆಗಂಟಿನಲ್ಲಿ ಇಬ್ಬರ ರೊಟ್ಟಿಯನ್ನೂ ಬೇರೆಬೇರೆ ಮಡಚಿಟ್ಟು ಕಟ್ಟಿ, ಗಂಟಿಗೊಂದು ಬಣ್ಣದ ದಾರ ಸುತ್ತಿ ಭಾವನ ಕೈಗೆ ಕೊಟ್ಟೆವು. ಯಾವ ದಾರ ಯಾವ ಹಿಟ್ಟೆಂದು ಅವರಿಗೂ ಹೇಳಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಜೊತೆಯವರೆಲ್ಲ ರೊಟ್ಟಿಯನ್ನು ಸುರುಳಿ ಸುತ್ತಿ ನೋಡಬೇಕು, ತಿಂದು ನೋಡಬೇಕು, ಐದಕ್ಕೆ ಎಷ್ಟೆಂದು ಅಂಕ ಕೊಡಬೇಕು.

ಸಂಜೆ ಭಾವ ಬಂದದ್ದು ತಲೆ ಕೆರೆದುಕೊಳ್ಳುತ್ತಾ.

"ಐದು ಗಂಟಿಂದು ಅಂಕ ಅದಾವ. ನೀಲಿ ದಾರದ್ದು ಇಲ್ಲ."

"ಯಾಕ?"

"ದಾರಿಯಾಗ ಲಾರಿ ಅಡ್ಡ ನಿಂತು ಬಸ್ಸು ಭಾಳ ಹೊತ್ತು ನಿಂತುಬಿಡ್ತು. ಹಿಂದಿನ ಸೀಟಿನವರಿಗೆ ವಾಸನಿ ಬಡೀತು. ನಾ ತಿರುಗಿ ನೋಡೂದ್ರಾಗ ಬರೇ ದಾರ ಉಳಿದಿತ್ತು."

ಅತ್ತೆಗೆ ಎಲ್ಲಿಲ್ಲದ ಸಂತೋಷ. ನೀಲಿ ದಾರದ್ದು ಅವರ ಮೆಚ್ಚಿನ ಹಿಟ್ಟು, ಆರು ಚಮಚ ಅಕ್ಕಿಯದು, ಉದ್ದು ಒಂದೇ ಚಮಚ. "ತಿಂದು ಮುಗಿಸ್ಯಾರಂದ್ರ ಅದ ಚೊಲೊ ಇತ್ತು ಅಂತ ಆತಲ್ಲ! ಇನ್ನೇನು ಪರೀಕ್ಷಾ?" ಎಂದರು.

ಬಿಸಿಯಿದ್ದಾಗ ಎಲ್ಲ ರೊಟ್ಟಿಯೂ ಚೆನ್ನಾಗಿರುತ್ತದೆ, ನಮಗೆ ಬೇಕಿರುವುದು ಮಧ್ಯಾಹ್ನದ ಸುದ್ದಿ ಎಂದು ನಾನು ವಿವರಿಸಿದೆ. ನೀಲಿಯದೊಂದನ್ನೇ ಇನ್ನೊಂದು ದಿನ ಕಳಿಸಿದರೆ ಆ ದಿನದ ಬಿಸಿಲು, ಆ ದಿನದ ಹಸಿವು ಬೇರೆ. ಆದ್ದರಿಂದ ಆರನ್ನೂ ಮತ್ತೆ ಮಾಡಬೇಕಾಯಿತು. ಭಾವನ ಜೊತೆಯವರಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಬೇಕಿರಲಿಲ್ಲ. ಈ ಸಲ ಅತ್ತೆಗಾಗಿ ಒಂದೊಂದು ರೊಟ್ಟಿಯನ್ನು ಮನೆಯಲ್ಲೂ ಎತ್ತಿಟ್ಟೆವು.

ಮಧ್ಯಾಹ್ನ ಅವರು ನೀಲಿ ದಾರ ಬಿಚ್ಚಿ ರೊಟ್ಟಿಯನ್ನು ಬೆರಳಿನಿಂದ ಬಡಿದರು. ಟಕ್ ಎಂದಿತು. "ಹಂಚಿನಂಗ ಆಗೇತಲ್ಲ!" ಎಂದು ಅವರೇ ಮೊದಲು ನಕ್ಕರು. ಅವ್ವ ನಗುವ ಮೊದಲೇ ಅವಳ ಮೆಚ್ಚಿನದನ್ನೂ ಬಿಚ್ಚಿದರು, ಹದಿನೇಳು ಚಮಚ ಜೋಳದ್ದು. ಸುರುಳಿ ಸುತ್ತಹೋದರೆ ಮಡಿಲಿನಲ್ಲೇ ನಾಲ್ಕು ಚೂರಾಯಿತು. ಇಬ್ಬರೂ ಆ ಚೂರುಗಳನ್ನು ಶೇಂಗಾ ಚಟ್ನಿಗೆ ಅದ್ದಿಕೊಂಡು ಅಲ್ಲೇ ತಿಂದು ಮುಗಿಸಿದರು.

ಕಾರ್ಖಾನೆಯಿಂದ ಬಂದ ಅಂಕಗಳೂ ಅದನ್ನೇ ಹೇಳಿದವು. ಉದ್ದು ಹೆಚ್ಚಿದ್ದು ಜೋಳವೂ ಬಲವಾಗಿದ್ದ ಮೂಲೆಯದು ಬಹಳ ಮೆತ್ತಗಿತ್ತು, ಆದರೆ "ದ್ವಾಸಿ ವಾಸನಿ ಬರತೈತಿ" ಎಂದು ಹಲವರು ದೂರಿದ್ದರು. ಜೋಳ ತೀರಾ ತಗ್ಗಿದ ಎರಡು ಮೂಲೆಗಳಿಗೆ ಯಾರೂ ಮನಸೋತಿರಲಿಲ್ಲ. ನಡುವಿನದು ಚೆನ್ನಾಗಿತ್ತು. ಅವ್ವನ ರೊಟ್ಟಿಗೂ ಅತ್ತೆಯ ರೊಟ್ಟಿಗೂ ಅಂಕ ಬೇರೆಬೇರೆ ಬಂದಿದ್ದರೂ ಯಾವ ಹಿಟ್ಟು ಮೇಲು, ಯಾವುದು ಕೆಳಗೆ ಎಂಬ ಸಾಲು ಇಬ್ಬರದೂ ಒಂದೇ ಇತ್ತು. ಅದನ್ನು ನೋಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಅಕ್ಕಿ ಒಂದೇ ಹೆಚ್ಚಾದರೆ ರೊಟ್ಟಿ ಬಿರುಸು. ಉದ್ದಿನ ಜೊತೆ ಸ್ವಲ್ಪ ಸೇರಿದರೆ ಅದೇ ಅಕ್ಕಿಯು ಉದ್ದಿನ ವಾಸನೆಯನ್ನು ತಗ್ಗಿಸಿ ರೊಟ್ಟಿಯನ್ನು ಹದದಲ್ಲಿಡುತ್ತದೆ. ಎರಡು ಪದಾರ್ಥ ಕೂಡಿದಾಗ ಬರುವ ಗುಣ ಅವುಗಳ ಗುಣಗಳನ್ನು ಬಿಡಿಬಿಡಿಯಾಗಿ ಕೂಡಿಸಿದ್ದಕ್ಕೆ ಸಮವಲ್ಲ. ತರಗತಿಯಲ್ಲಿ ಎಷ್ಟೋ ಸಲ ಒಣಒಣವಾಗಿ ಹೇಳಿದ್ದ ಮಾತು ಇದು. ಲೆಕ್ಕ ತೋರಿಸಿದ ಜಾಗ ಯಾವ ಮೂಲೆಯೂ ಅಲ್ಲ, ನಟ್ಟನಡುವೂ ಅಲ್ಲ. ಜೋಳ ಹದಿನಾಲ್ಕೂವರೆ, ಅಕ್ಕಿ ಮೂರು, ಉದ್ದು ಎರಡೂವರೆ.

"ಅರ್ಧ ಚಮಚಕ್ಕೂ ಕಾನೂನೇನ?" ಎಂದಳು ಅಕ್ಕ ಫೋನಿನಲ್ಲಿ.

"ನಲವತ್ತು ಚಮಚಕ್ಕ ಮಾಡು. ಇಪ್ಪತ್ತೊಂಬತ್ತು ಜೋಳ, ಆರು ಅಕ್ಕಿ, ಐದು ಉದ್ದು. ಆದ್ರ ಇದು ಇನ್ನೂ ಊಹೆ ಅಕ್ಕ. ಈ ಹಿಟ್ಟನ್ನ ನಾವು ಒಂದ ಸಲಾನೂ ಮಾಡಿ ನೋಡಿಲ್ಲ. ಮಾಡಿ, ಮಧ್ಯಾಹ್ನದ ತನಕ ಕಾದು, ತಿಂದು ನೋಡಬೇಕು."

"ಹಂಗಿದ್ರ ಕಾಯೂದು ಮನ್ಯಾಗ ಯಾಕ? ಹಂಪಿಗೆ ಹೋಗೂನು ನಡಿ. ಇವರಿಗೂ ರಜಾ ಐತಿ."

ಹಾಗೆ ಆ ರಜೆಯ ದಿನ ನಾವೈವರೂ ಆಟೋ ಹತ್ತಿದೆವು. ಕಡ್ಡಿರಾಂಪುರದಿಂದ ಹಂಪಿ ದೂರವೇನಲ್ಲ. ಆದರೂ ಅವ್ವ ಮತ್ತು ಅತ್ತೆ ಇಬ್ಬರೂ ಕೂಡಿ ಅಲ್ಲಿಗೆ ಹೋದದ್ದೇ ಇರಲಿಲ್ಲ. ರೊಟ್ಟಿಯ ಗಂಟು ಯಾರ ಮಡಿಲಲ್ಲಿರಬೇಕೆಂದು ದಾರಿಯುದ್ದಕ್ಕೂ ಚರ್ಚೆ ನಡೆಯಿತು. ಗುಡಿಗೆ ಹೋಗಿ ಬಂದು, ಬಿಸಿಲು ನೆತ್ತಿಗೇರುವವರೆಗೆ ತಿರುಗಾಡಿ, ಹೊಳೆಯ ದಂಡೆಯಲ್ಲಿ ಒಂದು ದೊಡ್ಡ ಬಂಡೆಯ ನೆರಳಿನಲ್ಲಿ ಕೂತೆವು.

ಅಕ್ಕ ಗಂಟು ಬಿಚ್ಚಿದಳು. ಒಂದು ರೊಟ್ಟಿ ಎತ್ತಿ ಸುರುಳಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಒಂದು ಬಿರುಕೂ ಇಲ್ಲ. ಅವ್ವ ಕಸಿದುಕೊಂಡು ಮೂಸಿದಳು. ಉದ್ದಿನ ವಾಸನೆ ಇಲ್ಲ. ಮುರಿದು ಎಣ್ಣೆಗಾಯಿಯ ಜೊತೆ ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದಳು. ನಾನು ಬರೆದ ಯಾವ ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದಿರಲಿಲ್ಲ.

"ಜೋಳದ ರುಚಿ ಐತಿ" ಎಂದಳು ಅವ್ವ.

"ಅಕ್ಕಿದೂ ಐತಿ, ಚೊಲೊತ್ನಾಗಿ ನೋಡ್ರಿ" ಎಂದರು ಅತ್ತೆ.

"ಐತಿ, ಐತಿ. ಇಲ್ಲ ಅಂದವರು ಯಾರು?" ಎಂದು ಅವ್ವ ತನ್ನ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಅವರ ತಟ್ಟೆಗೆ ಹಾಕಿದಳು.

ಎಲ್ಲರೂ ಒಮ್ಮೆಲೇ ಕೈ ಹಾಕಿದೆವು. ಹಸಿ ಈರುಳ್ಳಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಭಾವ ಎಷ್ಟು ತಿಂದರೋ ಅವರಿಗೇ ಲೆಕ್ಕವಿಲ್ಲ. ತಿನ್ನುತ್ತಲೇ ಐದಕ್ಕೆ ಆರು ಅಂಕ ಎಂದರು. ಅದು ನಿಯಮಕ್ಕೆ ವಿರುದ್ಧ ಎಂದೆ. ಹಾಗಾದರೆ ಇನ್ನೊಂದು ರೊಟ್ಟಿ ತಿಂದು ಮತ್ತೆ ಯೋಚಿಸುತ್ತೇನೆ ಎಂದರು. ಮರುವಾರದಿಂದಲೇ ಡಬ್ಬಿಗಳು ಅದೇ ಹಿಟ್ಟಿನ ರೊಟ್ಟಿ ಹೊತ್ತು ತೋರಣಗಲ್ಲಿಗೆ ಹೋಗತೊಡಗಿದವು, ಈಗಲೂ ಹೋಗುತ್ತಿವೆ. ನನ್ನ ತರಗತಿಯಲ್ಲೂ ಆ ಪಾಠಕ್ಕೆ ಈಗ ಬೇರೆ ಉದಾಹರಣೆ ಇಲ್ಲ. ಪಾಠದ ದಿನ ಆರು ಗಂಟು ಹಿಡಿದು ಹೋಗುತ್ತೇನೆ. ಹಿಂದಿನ ಬೆಂಚಿನವರೇ ಎಲ್ಲರಿಗಿಂತ ಮೊದಲು ಮುಂದೆ ಬರುತ್ತಾರೆ.

ಅವತ್ತು ಊಟವಾದ ಮೇಲೆ ಅತ್ತೆ ಹೊಳೆಯ ಕಡೆ ನೋಡಿ, "ತೆಪ್ಪದಾಗ ಕುಂದ್ರೂನೇನ್ರಿ ಬೀಗ್ರ?" ಎಂದರು. ಅವರು ಹೊಳೆಯ ದಂಡೆಯಲ್ಲೇ ಬೆಳೆದವರು. ಅವ್ವ ಗುಡ್ಡದ ಊರಿನವಳು, ನೀರೆಂದರೆ ಕೊಡದಲ್ಲಿರಬೇಕು ಎನ್ನುವವಳು.

"ಏ, ಬ್ಯಾಡ್ರಿ. ಅದು ಬುಟ್ಟಿ ಇದ್ದಂಗ ಐತಿ."

"ನಾ ಕೈ ಹಿಡಿತೀನಿ ಬರ್ರಿ."

ಅವ್ವ ಹೋದಳು. ನಾವು ದಂಡೆಯಲ್ಲೇ ನಿಂತೆವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಬ್ಬರೂ ಹರಿಗೋಲಿನೊಳಗೆ ಮಂಡಿಗೆ ಮಂಡಿ ತಾಗಿಸಿ ಕೂತರು. ನಡುನೀರಿಗೆ ಹೋದ ಮೇಲೆ ಅಂಬಿಗ ಅದನ್ನೊಮ್ಮೆ ಗಿರ್ರನೆ ತಿರುಗಿಸಿದ. ಅವ್ವ ಕಿರುಚಿದಳು, ಅತ್ತೆ ಅವಳನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಹರಿಗೋಲು ನಿಂತಿತು. ಆಮೇಲೆ ನೀರಿನ ಮೇಲಿಂದ ಅವ್ವನ ದನಿ ತೇಲಿ ಬಂತು.

"ಇನ್ನೊಮ್ಮೆ ತಿರುಗಸಪ್ಪಾ!"